ಚೆಟ್ರಿಯ ಗೋಲುಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು?

ಸಂಪಂಗಿರಾಮನಗರ:
ಬೈಗುಳ ಬೀಳುವುದು ಖಚಿತ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. 2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ವಿರುದ್ಧ ಗೋಲಿಲ್ಲದ ಪಂದ್ಯ ಆಡಿ ಭಾರತ ಫುಟ್ಬಾಲ್ ತಂಡದ ನಾಯಕ ಸುನಿಲ್ ಚೆಟ್ರಿ ನಿವೃತ್ತರಾದಾಗ ಅವರ ಲೆಕ್ಕದಲ್ಲಿ 151 ಅಂತರರಾಷ್ಟ್ರೀಯ ಪಂದ್ಯ, 94 ಗೋಲು ಇದ್ದವು. ದೇಶದ ಪರ ಗೋಲು ಹೊಡೆದವರಲ್ಲಿ ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ ಬಿಟ್ಟರೆ ಇವರೇ ಎಂದು ಎಲ್ಲೆಡೆ ಕೊಂಡಾಡಿದರು. ಮರುವರ್ಷ ಮಾರ್ಚ್‌ನಲ್ಲಿ ನಿವೃತ್ತಿ ಹಿಂಪಡೆದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ತಲೆಯಿಂದ ಇನ್ನೊಂದು ಸೇರಿಸಿದರು.

ನನ್ನ ತಕರಾರು ಈ ಪಟ್ಟಿಯ ಬಗ್ಗೆ. ನೇಪಾಳ, ಮಾಲ್ಡೀವ್ಸ್, ಬಾಂಗ್ಲಾದೇಶ, ಭೂತಾನ್ ವಿರುದ್ಧ ಹೊಡೆದದ್ದನ್ನೆಲ್ಲ ಜರಡಿ ಹಿಡಿದರೆ ಉಳಿಯುವುದೆಷ್ಟು? ಹಾಗೆಂದು ಆಟಗಾರ ಸಣ್ಣವರು ಎನ್ನುತ್ತಿಲ್ಲ. ಅವರ ನಿಜವಾದ ತೂಕ ಇರುವುದು ಬೆಂಗಳೂರು ಎಫ್‌ಸಿ ಅಂಗಿಯಲ್ಲಿ, ಭಾರತದ ಅಂಗಿಯಲ್ಲಿ ಅಲ್ಲ ಎಂಬುದು ನನ್ನ ವಾದ. ಕಂಠೀರವದಲ್ಲಿ ಕೂತು ನೋಡಿದವರು ಹೇಳಿ.

ವೆಸ್ಟ್‌ಬ್ಲಾಕ್ ನೀಲಿ:
ಅರ್ಧಕ್ಕೆ ಒಪ್ಪಿಗೆ, ಅರ್ಧಕ್ಕೆ ಜಗಳ. ಎದುರಾಳಿಯನ್ನು ಆರಿಸಿಕೊಳ್ಳುವುದು ಚೆಟ್ರಿಯ ಕೈಯಲ್ಲಿತ್ತೇ? ದಕ್ಷಿಣ ಏಷ್ಯಾದ ಸ್ಯಾಫ್ ಕೂಟಕ್ಕೆ ಬ್ರೆಜಿಲ್ ಬರುವುದಿಲ್ಲ ಸ್ವಾಮಿ.

ಲೆಕ್ಕದ ಪುಸ್ತಕ:
ಭಾವನೆ ಬೇಡ, ದೊಡ್ಡ ವೇದಿಕೆಯ ಲೆಕ್ಕ ತೆಗೆಯೋಣ. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್, ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣ, ತಜಿಕಿಸ್ತಾನದ ವಿರುದ್ಧ 4-1. ಅದರಲ್ಲಿ ಮೂರು ಚೆಟ್ರಿಯವು. ಆ ಗೆಲುವಿನಿಂದಲೇ ಭಾರತ 1984ರ ನಂತರ ಮೊದಲ ಬಾರಿಗೆ ಏಷ್ಯಾ ಕಪ್ ಆಡಿದ್ದು. 2011ರ ಆ ಏಷ್ಯಾ ಕಪ್‌ನಲ್ಲಿ ಬಹರೇನ್ ವಿರುದ್ಧ ಒಂದು, ದಕ್ಷಿಣ ಕೊರಿಯಾ ವಿರುದ್ಧ ಪೆನಾಲ್ಟಿಯಿಂದ ಒಂದು. 2019ರಲ್ಲಿ ಥಾಯ್ಲೆಂಡ್ ವಿರುದ್ಧ ಎರಡು, ಪಂದ್ಯ 4-1. ಅಂದೇ 67 ಗೋಲಿನೊಂದಿಗೆ ಮೆಸ್ಸಿಯ 65ನ್ನು ದಾಟಿದ್ದು.

ಇನ್ನೊಂದು ಪುಟವೂ ಇದೆ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂವರ ಎದುರೂ ಸೋತೆವು. ಇಡೀ ತಂಡಕ್ಕೆ ಒಂದೇ ಒಂದು ಗೋಲು ಬರಲಿಲ್ಲ. ಎರಡೂ ಪುಟ ಮುಂದಿಟ್ಟಿದ್ದೇನೆ, ತಕ್ಕಡಿ ನೀವು ಹಿಡಿಯಿರಿ.

ನಿರ್ಲಿಪ್ತ:
ಒಂದು ಸಂಗತಿ ಬಿಟ್ಟಿರಿ. ನಮ್ಮ ಪೀಳಿಗೆ ಕಂಡ ಭಾರತದ ಅತ್ಯಂತ ಹೆಮ್ಮೆಯ ಫಲಿತಾಂಶ 2019ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಕತಾರ್ ವಿರುದ್ಧ 0-0. ಆಗ ಕತಾರ್ ಏಷ್ಯಾ ಚಾಂಪಿಯನ್. ಜ್ವರ ಬಂದು ಚೆಟ್ರಿ ಅಂದು ಆಡಲಿಲ್ಲ.

ವೆಸ್ಟ್‌ಬ್ಲಾಕ್ ನೀಲಿ:
@ನಿರ್ಲಿಪ್ತ ಅದು ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಒಬ್ಬರೇ ಗೋಡೆಯಾಗಿ ನಿಂತು ಉಳಿಸಿದ ಪಂದ್ಯ. ಸೊನ್ನೆ ಗೋಲಿನ ಪಂದ್ಯ ತಂದು ಫಾರ್ವರ್ಡ್ ಬೇಕಿರಲಿಲ್ಲ ಎಂದು ವಾದಿಸುವವರನ್ನು ಇವತ್ತೇ ನೋಡಿದ್ದು.

ನಿರ್ಲಿಪ್ತ:
ಬೇಕಿರಲಿಲ್ಲ ಎಂದು ನಾನೆಲ್ಲಿ ಬರೆದೆ? ಓದಿ ಉತ್ತರಿಸಿ.

ಹಲಸೂರು ಹಳಬ:
ಮಕ್ಕಳೇ, ಪಟ್ಟಿ ಓದಿ ಜಗಳ ಆಡುತ್ತೀರಿ, ಕಂಠೀರವದಲ್ಲೇ ಆಗಿಹೋದದ್ದನ್ನು ಯಾರೂ ಎತ್ತಲಿಲ್ಲ. 2015ರ ಜೂನ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಒಮನ್ ಇಲ್ಲಿಗೆ ಬಂದಿತ್ತು. ಅವರು ಮೊದಲು ಹೊಡೆದರು, ಚೆಟ್ರಿ ಸರಿಗಟ್ಟಿದ, ಕೊನೆಗೆ 1-2ರಲ್ಲಿ ಸೋತೆವು. ಒಮನ್ ನಿಮ್ಮ ಜರಡಿಯಲ್ಲಿ ಜೊಳ್ಳೇ?

ಅದಕ್ಕಿಂತ ಮುಖ್ಯವಾದದ್ದು 2017ರ ಜೂನ್ 13, ಕಿರ್ಗಿಸ್ತಾನ ವಿರುದ್ಧ. ಏಷ್ಯಾ ಕಪ್ ಅರ್ಹತಾ ಪಂದ್ಯ. ಒಂದು ಗಂಟೆ ಕಳೆದರೂ ಗೋಲಿಲ್ಲ. ಆಗ ಮೈದಾನದ ಮಧ್ಯದಿಂದ ಚೆಂಡು ಎಳೆದುಕೊಂಡು ಹೊರಟವನು ಇವನೇ, ಜೊತೆಗಾರ ಫಾರ್ವರ್ಡ್ ಜೆಜೆಗೆ ಕೊಟ್ಟವನೂ ಇವನೇ, ಜೆಜೆ ಮೇಲಕ್ಕೆತ್ತಿ ಮರಳಿಸಿದ್ದನ್ನು ನೆಲಕ್ಕೆ ಬೀಳಲು ಬಿಡದೆ ಬಲೆಗೆ ಸೇರಿಸಿದವನೂ ಇವನೇ. ಪಂದ್ಯ 1-0. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಕಾವ್‌ಗೆ ಇಲ್ಲೇ 4-1 ಬಾರಿಸಿ 2019ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದೆವು. ಥಾಯ್ಲೆಂಡ್ ಎದುರಿನ ಆ ಎರಡು ಗೋಲುಗಳ ದಾರಿ ಹೊರಟಿದ್ದು ನಮ್ಮ ಕಸ್ತೂರಬಾ ರಸ್ತೆಯ ಪಕ್ಕದಿಂದ.

ಸಂಪಂಗಿರಾಮನಗರ:
@ಹಲಸೂರು ಹಳಬ ಸಾರ್, ಕಿರ್ಗಿಸ್ತಾನದ ಗೋಲು ಅಪ್ಪಟ ಕಾಳು, ಆಕ್ಷೇಪವಿಲ್ಲ. ಆದರೆ 2023ರ ಸ್ಯಾಫ್ ಕೂಟದಲ್ಲಿ ಇದೇ ಮೈದಾನದಲ್ಲಿ ಪಾಕಿಸ್ತಾನದ ವಿರುದ್ಧದ ಹ್ಯಾಟ್ರಿಕ್ಕನ್ನು ಎಲ್ಲಿಡುತ್ತೀರಿ? ವೀಸಾ ತಡವಾಗಿ ಆ ತಂಡ ಪಂದ್ಯದ ದಿನವೇ ಬೆಂಗಳೂರಿಗೆ ಬಂದಿಳಿದಿತ್ತು. ಮೊದಲ ಗೋಲು ಗೋಲ್‌ಕೀಪರ್ ಮಾಡಿದ ಎಡವಟ್ಟಿನ ಫಲ, ಉಳಿದೆರಡು ಪೆನಾಲ್ಟಿ.

ಕಾಫಿಪುಡಿ:
ಆ ಮಳೆಯಲ್ಲಿ ನೆನೆದು ತೊಪ್ಪೆಯಾಗಿ ಕೂತಿದ್ದ ನಮಗೆ ಜರಡಿ ಜ್ಞಾಪಕಕ್ಕೆ ಬರಲಿಲ್ಲ ಸಾರ್.

ಗೋಲ್‌ಕೀಪರ್ ಎಡವಟ್ಟು ಎಂದಿರಿ. ಎಡವಟ್ಟು ಆಗುವ ಮುಂಚೆಯೇ ಅವನ ಮೇಲೆ ಓಡಿ ಹೋದವರು ಯಾರು? ಚೆಂಡು ಹಿಂದಕ್ಕೆ ಹೋದ ಪ್ರತಿ ಸಲವೂ ಬೆನ್ನಟ್ಟುವ ಫಾರ್ವರ್ಡ್‌ಗೆ ಮಾತ್ರ ಅಂಥ ಗೋಲು ಸಿಗುತ್ತದೆ. ಆಗ ಅವರಿಗೆ 38 ವರ್ಷ. ನಮ್ಮ ಸಾಲಿನಲ್ಲಿದ್ದ ಕಾಲೇಜು ಹುಡುಗರು ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

ಆ ಕೂಟದಲ್ಲಿ ಅವರದು ಐದು ಗೋಲು. ಫೈನಲ್‌ನಲ್ಲಿ ಕುವೈತ್ ಮೊದಲು ಹೊಡೆದು, ನಮ್ಮ ಛಾಂಗ್ಟೆ ಸಮ ಮಾಡಿ, ಪೆನಾಲ್ಟಿ ಶೂಟೌಟನ್ನು 5-4ರಲ್ಲಿ ನಾವು ಗೆದ್ದಾಗ ನನ್ನ ಗಂಟಲು ಒಂದು ವಾರಕ್ಕೆ ರಜೆ ಹಾಕಿತ್ತು.

ಎಡ ವಿಂಗ್:
ಭಾನುವಾರ ಬೆಳಿಗ್ಗೆ ಹುಡುಗರಿಗೆ ಆಟ ಹೇಳಿಕೊಡುವವನಾಗಿ ಒಂದು ಮಾತು. ಪೆನಾಲ್ಟಿ, ಸಣ್ಣ ತಂಡ ಎಂದು ತಳ್ಳಿಹಾಕುವವರು ಅವರ ಹೆಡರ್‌ಗಳನ್ನು ಸರಿಯಾಗಿ ನೋಡಿಲ್ಲ. ಎತ್ತರ ಐದೂವರೆ ಅಡಿಗಿಂತ ತುಸು ಹೆಚ್ಚು. ಆರಡಿಯ ಡಿಫೆಂಡರ್‌ಗಳ ನಡುವೆ ಆ ಎತ್ತರದ ಮನುಷ್ಯ ತಲೆಯಿಂದ ಅಷ್ಟೊಂದು ಗೋಲು ಹೊಡೆದದ್ದು ಹೇಗೆ?

ಕ್ರಾಸ್ ಬರುವ ಮುಂಚೆ ಅವರು ಡಿಫೆಂಡರ್‌ನ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದ ಕಡೆ ನಿಂತಿರುತ್ತಾರೆ. ಅವನು ಚೆಂಡನ್ನೂ ನೋಡಬೇಕು, ಇವರನ್ನೂ ನೋಡಬೇಕು, ಎರಡೂ ಒಟ್ಟಿಗೆ ಆಗುವುದಿಲ್ಲ. ವಿಂಗರ್ ತಲೆ ಎತ್ತಿದ ಕೂಡಲೇ ದೂರದ ಕಂಬದ ಕಡೆಗೆ ಎರಡು ಹೆಜ್ಜೆ ಇಡುತ್ತಾರೆ, ಡಿಫೆಂಡರ್ ಅತ್ತ ವಾಲುತ್ತಾನೆ. ಚೆಂಡು ವಿಂಗರ್‌ನ ಕಾಲು ಬಿಟ್ಟ ಕ್ಷಣಕ್ಕೆ ಸರಕ್ಕನೆ ತಿರುಗಿ ಅವನ ಎದುರಿಗೇ ನುಗ್ಗಿ ಹತ್ತಿರದ ಕಂಬಕ್ಕೆ. ಅಲ್ಲಿ ಎತ್ತರದ ಪ್ರಶ್ನೆಯೇ ಇಲ್ಲ, ಮೊದಲು ತಲುಪಿದವನದೇ ಚೆಂಡು. ಹುಡುಗರಿಗೆ ಇದನ್ನು ಎಷ್ಟು ಹೇಳಿದರೂ ಎಲ್ಲರೂ ದೂರದ ಕಂಬದಲ್ಲಿ ನಿಂತು ಚೆಂಡು ಬರಲಿ ಎಂದು ಕಾಯುತ್ತಾರೆ.

ಕ್ರಿಕೆಟ್ ಸಾಕು:
ಇಷ್ಟು ಪ್ರತಿಭೆ ಇದ್ದರೆ ಹೊರದೇಶದಲ್ಲಿ ಏಕೆ ನಿಲ್ಲಲಿಲ್ಲ? ಅಮೆರಿಕಕ್ಕೆ ಹೋದರು, ಪೋರ್ಚುಗಲ್‌ಗೆ ಹೋದರು, ಎರಡು ಸಲವೂ ಬರಿಗೈಯಲ್ಲಿ ಬಂದರು. ಸಂಪಂಗಿಯವರು ಇದನ್ನು ಬರೆಯಲು ಹೆದರಿದಂತಿದೆ.

ಲೆಕ್ಕದ ಪುಸ್ತಕ:
ಎರಡಲ್ಲ, ಮೂರು. ಮೊದಲನೆಯದು 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್. ಕ್ಲಬ್ ತೆಗೆದುಕೊಳ್ಳಲು ಸಿದ್ಧವಿತ್ತು, ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಫಿಫಾ ಪಟ್ಟಿಯಲ್ಲಿ ಮೊದಲ 70ರ ಒಳಗಿರುವ ದೇಶದವರಾಗಿರಬೇಕು ಎಂಬ ನಿಯಮ. ಭಾರತ ಅದರ ಹತ್ತಿರವೂ ಇರಲಿಲ್ಲ. ಆಟಗಾರ ಪಾಸು, ದೇಶ ನಪಾಸು.

2010ರಲ್ಲಿ ಕನ್ಸಾಸ್ ಸಿಟಿ ವಿಝರ್ಡ್ಸ್. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಸ್ನೇಹಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದದ್ದು ಬಿಟ್ಟರೆ ಹೇಳಿಕೊಳ್ಳುವ ಅವಕಾಶ ಸಿಗಲಿಲ್ಲ. 2012ರಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್. ಅಲ್ಲಿಯೂ ಬಿ ತಂಡಕ್ಕೆ ಬೆರಳೆಣಿಕೆಯ ಪಂದ್ಯ.

ಎಡ ವಿಂಗ್:
ವಯಸ್ಸು ಲೆಕ್ಕ ಹಾಕಿ. 1984ರಲ್ಲಿ ಹುಟ್ಟಿದವರು. ಲಿಸ್ಬನ್‌ಗೆ ಹೋದಾಗ 28. ಆ ಕ್ಲಬ್ಬಿನ ಹುಡುಗರು ಹತ್ತರ ವಯಸ್ಸಿನಿಂದ ಅದೇ ಶಾಲೆಯಲ್ಲಿ ತಯಾರಾದವರು. ನಮ್ಮವರು ಆ ವಯಸ್ಸಿನಲ್ಲಿ ಸೇನಾಧಿಕಾರಿ ತಂದೆಯ ಜೊತೆ ಊರೂರು ವರ್ಗವಾಗುತ್ತ ಶಾಲಾ ಮೈದಾನದಲ್ಲಿ ಆಡುತ್ತಿದ್ದರು. ಮನೆಯಲ್ಲಿದ್ದ ಒಂದೇ ಅದೃಷ್ಟ ತಾಯಿ. ಆಕೆ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು.

ಕ್ರಿಕೆಟ್ ಸಾಕು:
ಕಾರಣ ಏನೇ ಇರಲಿ, ಫಲ ಸೊನ್ನೆ ತಾನೇ?

ವೆಸ್ಟ್‌ಬ್ಲಾಕ್ ನೀಲಿ:
ಫಲ ನಮಗೆ ಸಿಕ್ಕಿತು. 2002ರಲ್ಲಿ ಮೋಹನ್ ಬಾಗನ್, ಆಮೇಲೆ ಪಂಜಾಬಿನ ಜೆಸಿಟಿ, ಈಸ್ಟ್ ಬೆಂಗಾಲ್, ಗೋವಾದ ಡೆಂಪೊ, ಚಿರಾಗ್ ಯುನೈಟೆಡ್, ಮತ್ತೆ ಬಾಗನ್, ಎರವಲಾಗಿ ಚರ್ಚಿಲ್ ಬ್ರದರ್ಸ್. ಹತ್ತು ವರ್ಷ ಒಂದು ಕಡೆ ನಿಲ್ಲದ ಮನುಷ್ಯ 2013ರಲ್ಲಿ ಆಗಷ್ಟೇ ಹುಟ್ಟಿದ, ಒಂದು ಪಂದ್ಯವನ್ನೂ ಆಡದ ಕ್ಲಬ್ಬಿಗೆ ಬಂದರು. ಅಶೋಕನಗರದ ಹಳೆಯ ಫುಟ್ಬಾಲ್ ಕ್ರೀಡಾಂಗಣ, ಕೋಚ್ ಆಶ್ಲಿ ವೆಸ್ಟ್‌ವುಡ್. ಮೊದಲ ವರ್ಷವೇ ದೇಶದ ಆಗಿನ ಅಗ್ರ ಲೀಗ್ ಆದ ಐ-ಲೀಗ್ ಪ್ರಶಸ್ತಿ! ಅದೂ ಗೋವಾಕ್ಕೆ ಹೋಗಿ ಡೆಂಪೊವನ್ನು 4-2ರಲ್ಲಿ ಕೆಡವಿ. 2015-16ರಲ್ಲಿ ಮತ್ತೆ ಐ-ಲೀಗ್, ನಡುವೆ ಫೆಡರೇಷನ್ ಕಪ್. 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್). 2022ರಲ್ಲಿ ಡ್ಯುರಾಂಡ್ ಕಪ್.

ಕಾಫಿಪುಡಿ:
ಡ್ಯುರಾಂಡ್ ಕಪ್ ಎಂದರೆ ವೇದಿಕೆಯ ಮೇಲೆ ಫೋಟೊಕ್ಕಾಗಿ ಗಣ್ಯರೊಬ್ಬರು ನಾಯಕನನ್ನೇ ಕೈಯಿಂದ ಪಕ್ಕಕ್ಕೆ ಸರಿಸಿದ್ದು ನೆನಪಾಗುತ್ತದೆ. ಗೆದ್ದವರು ಯಾರು ಎಂಬುದೇ ಗೊಂದಲವಾಗಿತ್ತು.

ಹಲಸೂರು ಹಳಬ:
ಕ್ಲಬ್ ಎಂದರೆ ನನಗೆ ಒಂದೇ ರಾತ್ರಿ. 2016ರ ಅಕ್ಟೋಬರ್ 19, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅವರು ಹಿಂದಿನ ವರ್ಷದ ಚಾಂಪಿಯನ್ನರು. ಅಲ್ಲಿ 1-1. ಇಲ್ಲಿ ಹತ್ತು ಹನ್ನೊಂದನೇ ನಿಮಿಷಕ್ಕೇ ಗೋಲು ಬಿಟ್ಟುಕೊಟ್ಟೆವು. ಮೈದಾನ ಗಪ್‌ಚಿಪ್. ವಿರಾಮಕ್ಕೆ ಸ್ವಲ್ಪ ಮುಂಚೆ ಕಾರ್ನರ್‌ಗೆ ಚೆಟ್ರಿಯ ತಲೆ. ಎರಡನೇ ಅವಧಿಯಲ್ಲಿ ದೂರದಿಂದ ಬಲಗಾಲಿನಲ್ಲಿ ಒಂದು ಹೊಡೆತ. ಗೋಲ್‌ಕೀಪರ್ ಹಾರಿದ್ದು ಲೆಕ್ಕಕ್ಕೆ ಮಾತ್ರ. ಆಮೇಲೆ ನಮ್ಮ ಡಿಫೆಂಡರ್ ಹುವಾನನ್ ಮೂರನೆಯದನ್ನು ಹಾಕಿದ. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ಅಲ್ ಕುವಾ ಅಲ್ ಜವಿಯಾ ಎದುರು 0-1ರಲ್ಲಿ ಸೋತರೂ ಆ ರಾತ್ರಿಯ ಬೆಲೆ ಇಳಿಯಲಿಲ್ಲ.

ಸಂಪಂಗಿರಾಮನಗರ:
ಇದನ್ನೇ ನಾನು ಹೇಳುತ್ತಿರುವುದು! ಜೊಹೊರ್‌ನಲ್ಲಿ ದಕ್ಷಿಣ ಅಮೆರಿಕದ ಆಟಗಾರರಿದ್ದರು, ಹಣವಿತ್ತು. ಅಂಥವರ ಎದುರು ಸೆಮಿಫೈನಲ್‌ನಲ್ಲಿ ಹೊಡೆದ ಎರಡು ಗೋಲನ್ನು 95ರ ಪಟ್ಟಿಯಲ್ಲಿ ಯಾರೂ ಎಣಿಸುವುದಿಲ್ಲ. ಪಟ್ಟಿಯೇ ಮೋಸ ಮಾಡುತ್ತದೆ.

ಎಡ ವಿಂಗ್:
ಪಟ್ಟಿ ಇನ್ನೊಂದು ಬಗೆಯಲ್ಲೂ ಮೋಸ ಮಾಡುತ್ತದೆ. ಕ್ಲಬ್ಬಿನಲ್ಲಿ ಅವರು ಎಷ್ಟೋ ವರ್ಷ ಮಧ್ಯದ ಸ್ಟ್ರೈಕರ್ ಆಗಿರಲೇ ಇಲ್ಲ. ವೆನೆಜುವೆಲಾದ ಮಿಕು ಇದ್ದಾಗ ಆ ಜಾಗ ಮಿಕುವಿನದು, ಚೆಟ್ರಿ ಎಡಗಡೆಗೆ. ಅಲ್ಲಿಂದ ಒಳಕ್ಕೆ ತಿರುಗಿ ಬಲಗಾಲಿಗೆ ಚೆಂಡು ತಂದುಕೊಳ್ಳುವುದು, ಜೊತೆಗೆ ಎದುರಾಳಿಯ ಬಲ ಬ್ಯಾಕ್ ಮುನ್ನುಗ್ಗಿದರೆ ಹಿಂದಕ್ಕೆ ಓಡುವ ಕೂಲಿ ಕೆಲಸ. ಇಷ್ಟಾಗಿಯೂ 2017-18ರ ಐಎಸ್‌ಎಲ್‌ನಲ್ಲಿ ಮಿಕು 15, ಇವರು 14.

ಐಎಸ್‌ಎಲ್‌ನ ಹೆಚ್ಚಿನ ತಂಡಗಳು ಒಂಬತ್ತನೇ ನಂಬರ್ ಅಂಗಿಯನ್ನು ವಿದೇಶಿಯರಿಗೇ ಕೊಡುತ್ತವೆ. ನಮ್ಮ ಹುಡುಗ ಬೆಂಚು ಕಾಯುತ್ತಾನೆ ಅಥವಾ ವಿಂಗ್‌ಗೆ ಹೋಗುತ್ತಾನೆ. ಆಮೇಲೆ ದೇಶದ ತಂಡಕ್ಕೆ ಬಂದು ಏಕಾಏಕಿ ಸ್ಟ್ರೈಕರ್ ಆಗು ಎಂದರೆ ಹೇಗೆ? 40 ವರ್ಷದ ಚೆಟ್ರಿಯನ್ನು ನಿವೃತ್ತಿಯಿಂದ ಎಬ್ಬಿಸಿ ಕರೆತರುವ ಗತಿ ಬಂದದ್ದು ಇದರಿಂದ.

ಕಾಫಿಪುಡಿ:
2018ರ ಫೈನಲ್ ನೆನಪಿಸಬೇಡಿ. ಮಾರ್ಚ್ 17, ನಮ್ಮದೇ ಮೈದಾನ, ಎದುರಿಗೆ ಚೆನ್ನೈ. ಉದಾಂತ ಸಿಂಗ್ ಕ್ರಾಸ್‌ಗೆ ಚೆಟ್ರಿ ನೆಲಮಟ್ಟಕ್ಕೆ ಹಾರಿ ತಲೆ ಕೊಟ್ಟು ಒಂಬತ್ತನೇ ನಿಮಿಷಕ್ಕೇ ಮುನ್ನಡೆ. ಆಮೇಲೆ ಕಾರ್ನರ್, ಹೆಡರ್. ಮತ್ತೆ ಕಾರ್ನರ್, ಮತ್ತೆ ಅದೇ ಮೈಲ್ಸನ್‌ನ ಹೆಡರ್. 2-3. ಮರುದಿನ ಯುಗಾದಿ. ಆ ವರ್ಷ ನಾವು ಬೇವನ್ನು ಹಿಂದಿನ ರಾತ್ರಿಯೇ ತಿಂದು ಮುಗಿಸಿದ್ದೆವು.

ವೆಸ್ಟ್‌ಬ್ಲಾಕ್ ನೀಲಿ:
ಮುಂದಿನ ವರ್ಷ ಅದೇ ಮಾರ್ಚ್ 17ಕ್ಕೆ ಮುಂಬೈಯಲ್ಲಿ ಗೋವಾ ವಿರುದ್ಧದ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ನಮ್ಮ ರಾಹುಲ್ ಭೆಕೆ ಹೆಡರ್, ಕಪ್ ನಮ್ಮದು. ಬೆಲ್ಲ ಸ್ವಲ್ಪ ತಡವಾಗಿ ಬಂತು ಅಷ್ಟೇ.

ಮಡಿವಾಳದ ಹಳದಿ:
ಕೇರಳ ಬ್ಲಾಸ್ಟರ್ಸ್ ಅಭಿಮಾನಿ, ಹುಟ್ಟಿ ಬೆಳೆದದ್ದು ಬೆಂಗಳೂರು, ಆದ್ದರಿಂದ ಜಗಳ ಕನ್ನಡದಲ್ಲೇ. ಚೆಟ್ರಿಯ ಕ್ಲಬ್ ಜೀವನ ಎಂದರೆ 2023ರ ಮಾರ್ಚ್ 3 ಅನ್ನೂ ಸೇರಿಸಿ. ನಾಕೌಟ್ ಪಂದ್ಯ, ಹೆಚ್ಚುವರಿ ಅವಧಿ, ನಮ್ಮವರು ಇನ್ನೂ ಗೋಡೆ ಕಟ್ಟುತ್ತಿದ್ದಾರೆ, ಗೋಲ್‌ಕೀಪರ್ ಕಂಬದ ಬಳಿ ನಿಂತು ಕೈ ತೋರಿಸುತ್ತಿದ್ದಾನೆ. ಅಷ್ಟರಲ್ಲಿ ಫ್ರೀ ಕಿಕ್ ಒದ್ದು ಗೋಲು ಎಂದರೆ ಅದು ಆಟವೇ?

ಲೆಕ್ಕದ ಪುಸ್ತಕ:
ನಿಯಮ ಸರಳ. ಫ್ರೀ ಕಿಕ್ ಸಿಕ್ಕ ತಂಡ ಬಯಸಿದರೆ ತಡಮಾಡದೆ ಒದೆಯಬಹುದು. ಎದುರಾಳಿಯನ್ನು 9.15 ಮೀಟರ್ ದೂರ ಸರಿಸಿ ಎಂದು ಅದೇ ತಂಡ ಕೇಳಿದರೆ, ಅಥವಾ ರೆಫರಿ ತಾನಾಗಿಯೇ ಸೀಟಿ ಊದುವವರೆಗೆ ಕಾಯಿರಿ ಎಂದರೆ ಮಾತ್ರ ಕಾಯಬೇಕು. ಆ ದೂರ ಒದೆಯುವವರಿಗಾಗಿ ಇರುವ ಅನುಕೂಲ. ಗೋಡೆ ಕಟ್ಟುವವರಿಗೆ ಸಮಯ ಕೊಡುವುದಕ್ಕಲ್ಲ.

ಮಡಿವಾಳದ ಹಳದಿ:
ಒಂದು ನಿಮಿಷ ಚೆಂಡಿನ ಪಕ್ಕ ಸುಮ್ಮನೆ ನಿಂತು ಆಮೇಲೆ ಒದೆಯುವುದಕ್ಕೆ ತಡಮಾಡದೆ ಎನ್ನುತ್ತೀರಾ? ಕೋಚ್ ವುಕೊಮನೊವಿಚ್ ತಂಡವನ್ನು ಹೊರಗೆ ಕರೆದದ್ದು ಅತಿಯಾಯಿತು, ಅದಕ್ಕೆ ಕ್ಲಬ್ಬಿಗೆ ನಾಲ್ಕು ಕೋಟಿ ದಂಡ, ಅವರಿಗೆ ಹತ್ತು ಪಂದ್ಯದ ನಿಷೇಧವೂ ಬಿತ್ತು. ಹಾಗೆಂದು ಗೋಲು ಸುಂದರವಾಗುವುದಿಲ್ಲ.

ವೆಸ್ಟ್‌ಬ್ಲಾಕ್ ನೀಲಿ:
ಅದಕ್ಕೇ 2024ರ ಡಿಸೆಂಬರ್‌ನಲ್ಲಿ ಅದೇ ನಿಮ್ಮ ತಂಡಕ್ಕೆ, ಅದೇ ಕಂಠೀರವದಲ್ಲಿ, ಗೋಡೆ ಕಟ್ಟಲು ಬೇಕಾದಷ್ಟು ಸಮಯ ಕೊಟ್ಟು ಹ್ಯಾಟ್ರಿಕ್ ಹೊಡೆದರು. 4-2. ವಯಸ್ಸು 40. ಐಎಸ್‌ಎಲ್‌ನಲ್ಲಿ ಆ ವಯಸ್ಸಿಗೆ ಇನ್ನಾರೂ ಹ್ಯಾಟ್ರಿಕ್ ಹೊಡೆದಿರಲಿಲ್ಲ.

ಮಡಿವಾಳದ ಹಳದಿ:
ಅದಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇನೆ. ಫ್ರೀ ಕಿಕ್‌ಗೆ ಮಾತ್ರ ಜನ್ಮದಲ್ಲಿ ತಟ್ಟುವುದಿಲ್ಲ.

ಗೌತಮಪುರ:
ಇಷ್ಟು ಹೊತ್ತು ಬೆಂಗಳೂರಿನ ಫಾರ್ವರ್ಡ್ ಬೆಂಗಳೂರಿನ ಫಾರ್ವರ್ಡ್ ಎಂದು ಓದುತ್ತಿದ್ದೇನೆ. ಚೆಟ್ರಿ ಹುಟ್ಟಿದ್ದು ಸಿಕಂದರಾಬಾದ್, ಬೆಳೆದದ್ದು ಬೇರೆ ಬೇರೆ ಊರು. ನಮ್ಮವರನ್ನು ಯಾರಾದರೂ ನೆನೆಯುತ್ತೀರಾ? ಪೆಲೆ ಪ್ರತಿಮೆ ಇರುವ ಬೀದಿಯಿಂದ ಕೇಳುತ್ತಿದ್ದೇನೆ. ಅಹ್ಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಆಡಿದವರು. ಈಸ್ಟ್ ಬೆಂಗಾಲ್‌ನ ಐವರು ಮುನ್ಪಡೆ ಆಟಗಾರರನ್ನು ಕೋಲ್ಕತ್ತದವರು ಪಂಚ ಪಾಂಡವರು ಎಂದು ಕರೆದರಲ್ಲ, ಅವರಲ್ಲೊಬ್ಬರು. 1949ರಿಂದ 51ರವರೆಗೆ ಸತತ ಮೂರು ಐಎಫ್‌ಎ ಶೀಲ್ಡ್ ಗೆದ್ದ ಸಾಲು ಅದು.

ಹಲಸೂರು ಹಳಬ:
ಕಾರ್ಲ್‌ಟನ್ ಚಾಪ್ಮನ್ ಹೆಸರನ್ನೂ ಸೇರಿಸಪ್ಪ. ಮಿಡ್‌ಫೀಲ್ಡರ್ ಆದರೂ 1993ರಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಈಸ್ಟ್ ಬೆಂಗಾಲ್ 6-2ರಲ್ಲಿ ಗೆದ್ದಾಗ ಹ್ಯಾಟ್ರಿಕ್ ಅವನದು. 2020ರಲ್ಲಿ ತೀರಿಕೊಂಡ. ಐವತ್ತು ಕೂಡ ಆಗಿರಲಿಲ್ಲ.

ಗೌತಮಪುರ:
ಹೌದು ಸಾರ್. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಮಣಿಸಿ ಕರ್ನಾಟಕ 54 ವರ್ಷದ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿತು. ಆ ತಂಡದ ಫಾರ್ವರ್ಡ್‌ಗಳ ಹೆಸರನ್ನು ಇಲ್ಲಿ ಎಷ್ಟು ಜನ ಹೇಳಬಲ್ಲಿರಿ? ನೀಲಿ ಅಂಗಿಯವರೇ, ಗೂಗಲ್ ಮಾಡದೆ.

ವೆಸ್ಟ್‌ಬ್ಲಾಕ್ ನೀಲಿ:
ಚರ್ಚೆ ಚೆಟ್ರಿಯದು, ಪರೀಕ್ಷೆ ನನಗೆ ಏಕೆ?

ಗೌತಮಪುರ:
ಗೊತ್ತಿಲ್ಲ ಎಂದು ಬರೆದರೆ ಸಾಕಿತ್ತು.

ಕ್ರಿಕೆಟ್ ಸಾಕು:
ಮೂಲ ಪ್ರಶ್ನೆಗೆ ಬರುತ್ತೇನೆ. ನಿವೃತ್ತಿಯಿಂದ ಮರಳಿದ್ದು ಸರಿಯೇ? ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದರು, ಸರಿ. ಆಮೇಲೆ ಅರ್ಹತಾ ಪಂದ್ಯಗಳಲ್ಲಿ ಅದೇ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಎದುರು 0-0, ಹಾಂಗ್‌ಕಾಂಗ್‌ನಲ್ಲಿ 0-1, ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರದ ಎದುರು 1-2. 2027ರ ಏಷ್ಯಾ ಕಪ್ ಕೈತಪ್ಪಿತು. ಸಾಲ್ಟ್ ಲೇಕ್‌ನಲ್ಲಿ ಕಣ್ಣೀರಿಟ್ಟು ಹೋದದ್ದೇ ಚೆನ್ನಾಗಿತ್ತು.

ಎಡ ವಿಂಗ್:
ಕರೆದದ್ದು ಕೋಚ್ ಮಾನೊಲೊ ಮಾರ್ಕೆಜ್. 2024-25ರ ಐಎಸ್‌ಎಲ್‌ನಲ್ಲಿ 14 ಗೋಲಿನೊಂದಿಗೆ ಭಾರತೀಯರ ಪೈಕಿ ಮೊದಲಿಗರು ಅದೇ 40ರ ಮನುಷ್ಯ. ಆ ಋತುವಿನ ಸೆಮಿಫೈನಲ್‌ನಲ್ಲಿ ಗೋವಾ ಎರಡು ಗೋಲಿನ ಸಾಲ ತೀರಿಸಿ ಸಮಕ್ಕೆ ತಂದಿತ್ತು. ಹೆಚ್ಚುವರಿ ನಿಮಿಷದಲ್ಲಿ ಚೆಟ್ರಿಯ ಹೆಡರ್, ನಾವು ಫೈನಲ್‌ಗೆ. ಫೈನಲ್ ಮೋಹನ್ ಬಾಗನ್ ಎದುರು ಸೋತೆವು, ಅದು ಬೇರೆ. ಗೋಲು ಹೊಡೆಯುವವನನ್ನು ಕೋಚ್ ಕರೆಯದೆ, 25 ವರ್ಷದ ಜನನ ಪ್ರಮಾಣಪತ್ರ ಇದ್ದವನನ್ನು ಕರೆಯಬೇಕಿತ್ತೇ?

ನಿರ್ಲಿಪ್ತ:
ಸೋಲಿನ ಹೊರೆ ಅವರೊಬ್ಬರ ಮೇಲೆ ಹೊರಿಸುವುದು ತಪ್ಪು. ಆದರೆ ಮರಳಿ ಬಂದದ್ದರಿಂದ ಸ್ಟ್ರೈಕರ್ ಇಲ್ಲ ಎಂಬ ಸತ್ಯವನ್ನು ಇನ್ನೊಂದು ವರ್ಷ ಮುಚ್ಚಿಟ್ಟೆವು. 2018ರಲ್ಲಿ ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ ಹ್ಯಾಟ್ರಿಕ್ ಹೊಡೆದ ದಿನ ಎರಡೂವರೆ ಸಾವಿರ ಜನ ಇದ್ದರು. ಬೈಯಲಾದರೂ ಕ್ರೀಡಾಂಗಣಕ್ಕೆ ಬನ್ನಿ ಎಂದು ಅವರು ವಿಡಿಯೊದಲ್ಲಿ ಕೇಳಿಕೊಂಡರು. ಕೆನ್ಯಾ ವಿರುದ್ಧದ ಮುಂದಿನ ಪಂದ್ಯ, ಅವರ ನೂರನೆಯದು, ಟಿಕೆಟ್ ಇಲ್ಲದಷ್ಟು ತುಂಬಿತು. ಜನ ಕರೆಯುವುದೂ ಅವರೇ, ಗೋಲು ಹೊಡೆಯುವುದೂ ಅವರೇ, ನಿವೃತ್ತಿಯಿಂದ ಎದ್ದು ಬರುವುದೂ ಅವರೇ. ಫೆಡರೇಷನ್ನಿಗೆ ಏನು ಕೆಲಸ?

ಸಂಪಂಗಿರಾಮನಗರ:
@ನಿರ್ಲಿಪ್ತ ಈ ಕೊನೆಯ ಪ್ರಶ್ನೆಗೆ ನನ್ನ ಮತವೂ ಇದೆ. ಪಟ್ಟಿಯ ಬಗ್ಗೆ ಮಾತ್ರ ನನ್ನ ನಿಲುವು ಕದಲಿಲ್ಲ. ಕಿರ್ಗಿಸ್ತಾನ, ಒಮನ್, ಥಾಯ್ಲೆಂಡ್, ತಜಿಕಿಸ್ತಾನಗಳನ್ನು ಕಾಳಿಗೆ ಹಾಕಿದ್ದೇನೆ. ಜೊಹೊರ್ ರಾತ್ರಿ ಇವೆಲ್ಲಕ್ಕಿಂತ ಭಾರ.

ಕಾಫಿಪುಡಿ:
ಹಾಗಾದರೆ ಬೆಂಗಳೂರು ಎಫ್‌ಸಿಯ ಅತ್ಯುತ್ತಮ ಫಾರ್ವರ್ಡ್ ಚೆಟ್ರಿಯೋ ಮಿಕುವೋ? ಕೇಳಿಯೇಬಿಟ್ಟೆ.

ವೆಸ್ಟ್‌ಬ್ಲಾಕ್ ನೀಲಿ:
ಮೇಡಂ, ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲೇ ಶುರುವಾದರೆ ನಾಳೆ ನಾನು ಕಚೇರಿಗೆ ಹೋಗುವುದಿಲ್ಲ.

ಹಲಸೂರು ಹಳಬ:
ಕೋಚ್ ರೋಕಾ ಕಾಲದ ಮಿಕುವೋ, ಕೋಚ್ ಕ್ವಾದ್ರಾತ್ ಕಾಲದ ಮಿಕುವೋ? ಅದನ್ನು ಮೊದಲು ಹೇಳಿ.